ಸೋಮವಾರ ಕೆಡದ ಕಂಪ್ಯೂಟರು

ನಮ್ಮ ಅವ್ವ ಕಾರು ಓಡಿಸುವ ಚಂದವನ್ನು ಕಣ್ಣಾರೆ ಕಂಡವರು ಚಳ್ಳಕೆರೆಯಲ್ಲಿ ಮೂರೇ ಜನ. ನಾನು, ಅಪ್ಪ, ಮತ್ತೆ ಮೊಳಕಾಲ್ಮೂರಿನಿಂದ ಬಂದು ಹೋಗುತ್ತಿದ್ದ ನನ್ನ ಸೋದರಮಾವ. ಕಾರೇನೂ ನಿಜವಾದದ್ದಲ್ಲ, ಕಂಪ್ಯೂಟರಿನೊಳಗಿನ ಕೆಂಪು ಕಾರು. ಆದರೆ ಅವ್ವನ ಎದುರು ಅದನ್ನು ಆಟದ ಕಾರು ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಬಲಕ್ಕೆ ತಿರುವು ಬಂದರೆ ಕುರ್ಚಿಯಲ್ಲೇ ಬಲಕ್ಕೆ ವಾಲುತ್ತಿದ್ದಳು, ಎಡಕ್ಕೆ ಬಂದರೆ ಎಡಕ್ಕೆ. ಒಂದು ಸಲ ಹೀಗೆ ವಾಲಿ ವಾಲಿ ಕುರ್ಚಿ ಸಮೇತ ಮಗುಚಿ ಬಿದ್ದಳು. ಬಿದ್ದಲ್ಲಿಂದಲೇ ಒಂದು ಕೈ ಮೇಲೆತ್ತಿ ಮೇಜಿನ ಮೇಲಿನ ಗುಂಡಿ ಒತ್ತುತ್ತಿದ್ದಳು. "ಅವ್ವಾ, ಪೆಟ್ಟಾಯ್ತೇನೇ?" ಅಂತ ನಾನು ಓಡಿ ಹೋದರೆ, "ನನ್ನ ಬಿಡು, ಕಾರು ಎಲ್ಲೈತೆ ನೋಡು!" ಅಂದಳು.

ಎರಡು ಸಾವಿರದ ಎರಡೋ ಮೂರೋ ಇಸವಿಯ ಮಾತು. ನಾನು ಡಿಗ್ರಿ ಮುಗಿಸಿ, ಊರಿನಲ್ಲೇ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿದ್ದೆ. ಅಪ್ಪನದು ಶೇಂಗಾ ಎಣ್ಣೆ ಮಿಲ್ಲು. ಮಗಳು ಕಲಿತದ್ದು ಮರೆತುಹೋಗಬಾರದು ಅಂತ ಅಪ್ಪ ಒಂದು ಕಂಪ್ಯೂಟರ್ ತಂದು ನಡುಮನೆಯಲ್ಲಿ ಕೂರಿಸಿದ. ನಾನು ಕಲಿತದ್ದನ್ನು ಒಂದು ವಾರ ನೆನಪು ಮಾಡಿಕೊಂಡೆ. ಆಮೇಲೆ ಯಾರೋ ಗೆಳತಿ ಕೊಟ್ಟ ಸಿ.ಡಿ.ಯಿಂದ ಕಾರ್ ರೇಸಿನ ಆಟ ಹಾಕಿದೆ. ಹಿಟ್ಟು ನಾದುತ್ತಿದ್ದ ಕೈಯಲ್ಲೇ ಬಂದು ನನ್ನ ಹಿಂದೆ ನಿಂತು ನೋಡಿದ ಅವ್ವ, "ಸ್ವಲ್ಪ ಸರಿಯೇ" ಅಂದಳು. ಸರಿದವಳು ಸರಿದೇ ಹೋದೆ. ಅವತ್ತಿನಿಂದ ಆ ಕುರ್ಚಿ ನನ್ನದಲ್ಲ. ಕೀಬೋರ್ಡಿನ ಬಾಣದ ಗುಂಡಿಗಳ ಸಂದಿಯಲ್ಲಿ ಒಣಗಿದ ರೊಟ್ಟಿ ಹಿಟ್ಟನ್ನು ನಾನು ಸೂಜಿಯಿಂದ ಕೀಳುತ್ತಿದ್ದೆ.

ಅವ್ವನಿಗೆ ಬೇಕಾಗಿದ್ದದ್ದು ಒಂದೇ ಒಂದು. ತನ್ನ ಅಣ್ಣನನ್ನು ಒಂದು ಸಲ, ಬರೀ ಒಂದೇ ಸಲ, ಸೋಲಿಸಬೇಕು.

ಅಣ್ಣ ಅಂದರೆ ನನ್ನ ಮಾವ. ಮೊಳಕಾಲ್ಮೂರಿನಲ್ಲಿ ಮನೆಯಲ್ಲೇ ರೇಷ್ಮೆ ಸೀರೆಯ ಮಗ್ಗಗಳಿದ್ದವು. ಭಾನುವಾರ ಬಿಡುವು ಮಾಡಿಕೊಂಡು ಬೆಳಗಿನ ಬಸ್ಸಿಗೆ ನಮ್ಮಲ್ಲಿಗೆ ಬರುತ್ತಿದ್ದ. ಮಗ್ಗದ ಮೇಲೆ ಕೂತು ಕೈ ಒಂದು ಕಡೆ, ಕಾಲು ಒಂದು ಕಡೆ ಆಡಿಸಿ ಬೆಳೆದ ಮನುಷ್ಯ, ಆಟ ಕಲಿಯೋಕೆ ಅವನಿಗೆ ಅರ್ಧ ಗಂಟೆ ಸಾಕಾಯಿತು. ಒಂದೇ ಕೀಬೋರ್ಡಿನಲ್ಲಿ ಇಬ್ಬರೂ ಆಡಬಹುದಿತ್ತು. ಬಲಗಡೆಯ ಬಾಣಗಳು ಅವ್ವನಿಗೆ, ಎಡಗಡೆಯ ಅಕ್ಷರಗಳು ಮಾವನಿಗೆ. ಪರದೆ ಎರಡು ಭಾಗವಾಗಿ ಮೇಲೆ ಅವ್ವನ ಕೆಂಪು ಕಾರು, ಕೆಳಗೆ ಮಾವನ ನೀಲಿ ಕಾರು. ಇಬ್ಬರೂ ಮೈಭಾರದವರು, ಮೊಣಕೈಗಳ ನಡುವೆ ನಡೆಯುತ್ತಿದ್ದ ಯುದ್ಧ ಬೇರೆಯದೇ ಇತ್ತು. "ಅಣ್ಣಾ, ಕೈ ಈಕಡೆ ತರಬ್ಯಾಡ!" "ನಿನ್ನ ಬಳೆ ಚುಚ್ತೈತಲ್ಲೇ ನಂಗೆ!" ಐವತ್ತರ ಆಸುಪಾಸಿನ ಈ ಇಬ್ಬರನ್ನು ನೋಡಿ ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಳ್ಳುತ್ತಿತ್ತು.

ಆಟ ಐದು ಸುತ್ತಿನದು. ಒಂದು, ಎರಡು ಸುತ್ತು ಮಾವ ಮುಂದೆ. ಮೂರರಲ್ಲಿ ಅವ್ವ ಹತ್ತಿರ ಬರುತ್ತಾಳೆ. ನಾಲ್ಕರಲ್ಲಿ ಬಾಲ ಹಿಡಿಯುತ್ತಾಳೆ. ಇನ್ನೇನು ದಾಟಬೇಕು ಅನ್ನುವಾಗ ಕಂಪ್ಯೂಟರು ಇದ್ದಕ್ಕಿದ್ದಂತೆ ಗರಬಡಿದು ನಿಂತುಬಿಡುತ್ತಿತ್ತು. ಕಾರುಗಳು ಇದ್ದಲ್ಲೇ ಇರುತ್ತಿದ್ದವು, ಸ್ಪೀಕರಿನಿಂದ ಮಾತ್ರ "ಡರ್ರ್ರ್ರ್" ಅಂತ ಒಂದೇ ಸದ್ದು. ಕೆಲವು ಸಲ ಪರದೆ ನೀಲಿಯಾಗಿ ಬಿಳಿ ಅಕ್ಷರದಲ್ಲಿ ಏನೇನೋ ಬೈಯುತ್ತಿತ್ತು. ಮಾವ ಕೀಬೋರ್ಡಿನಿಂದ ಕೈ ತೆಗೆದು, ಎರಡೂ ಅಂಗೈ ಆಕಾಶಕ್ಕೆ ತೋರಿಸಿ "ಪೋಯಿಂದಿ!" ಅನ್ನುತ್ತಿದ್ದ. ಅವರ ಕಡೆ ಖುಷಿಯೂ ಕೋಪವೂ ತೆಲುಗಿನಲ್ಲೇ ಬರುವುದು. ಹೋಯಿತು ಅಂತ ಅದರ ಅರ್ಥ.

"ನಾನು ಮುಂದಿದ್ದೆ!" ಅಂತ ಅವ್ವ.

"ಮುಂದಿದ್ರೆ ಏನಾಯ್ತಮ್ಮಾ, ಆಟ ಮುಗೀಬೇಕಲ್ಲ. ಮುಗಿದ್ರೆ ತಾನೆ ಗೆಲುವು."

ಅವ್ವನ ಮೂಗಿನ ತುದಿ ಕೆಂಪಾಗುತ್ತಿತ್ತು. ಆಮೇಲೆ ಆಕೆ ನನ್ನ ಕಡೆ ತಿರುಗುತ್ತಿದ್ದಳು. ಆರು ತಿಂಗಳು ಕೋರ್ಸು ಮಾಡಿದವಳು ನಾನಲ್ಲವೇ. ಅಲ್ಲಿ ನನಗೆ ಕಲಿಸಿದ್ದು ಪತ್ರ ಟೈಪು ಮಾಡುವುದು, ಅಂಕಣ ಹಾಕುವುದು. ಕಂಪ್ಯೂಟರಿನ ಹೊಟ್ಟೆಯೊಳಗೆ ಏನಿದೆ ಅಂತ ಒಬ್ಬರೂ ತೋರಿಸಿರಲಿಲ್ಲ. ಆದರೆ ಅವ್ವ ಹಾಗೆ ನೋಡಿದಾಗ ಗೊತ್ತಿಲ್ಲ ಅನ್ನಲು ನಾಲಿಗೆ ಬರಲಿಲ್ಲ. "ಇದು ವೈರಸ್ಸು" ಅಂದೆ. ಧೈರ್ಯವಾಗಿ ಹೇಳಿದ್ದರಿಂದ ಎಲ್ಲರೂ ನಂಬಿದರು, ಸ್ವಲ್ಪ ಹೊತ್ತಿಗೆ ನಾನೂ ನಂಬಿದೆ.

ಕಂಪ್ಯೂಟರ್ ಮಾರಿದ ಅಂಗಡಿಯ ಮೆಕ್ಯಾನಿಕ್ಕಿಗೆ ಫೋನು ಮಾಡಿದ್ದು ಅವ್ವನೇ. ಸಮಸ್ಯೆ ಏನಂತ ಹೇಳಬೇಕು ಎಂದು ನಾನು ಮೊದಲೇ ಹೇಳಿಕೊಟ್ಟಿದ್ದೆ: ಹ್ಯಾಂಗ್ ಆಗಿದೆ ಅನ್ನು, ಅವರಿಗೆ ತಿಳಿಯುತ್ತೆ.

"ಕಂಪ್ಯೂಟ್ರು ಹ್ಯಾಂಗಾಗೈತೆ" ಅಂದಳು ಅವ್ವ.

ಆ ಕಡೆಯಿಂದ ಮೆಕ್ಯಾನಿಕ್ ಏನೋ ಕೇಳಿದ.

"ಹ್ಯಾಂಗೇ ಆಗೈತೆ ಅಂದ್ನಲ್ಲ."

ಮತ್ತೆ ಏನೋ ಕೇಳಿದ. ಅವ್ವ ಫೋನಿನ ಬಾಯಿ ಮುಚ್ಚಿ, "ಇವನೇನೇ ಹುಡುಗಿ, ಹೆಂಗಾಗೈತೆ ಹೆಂಗಾಗೈತೆ ಅಂತ ನನ್ನೇ ಕೇಳ್ತಾನೆ! ಹೆಂಗಾಗೈತೆ ಅಂತ ಗೊತ್ತಿದ್ರೆ ಇವನಿಗ್ಯಾಕೆ ಫೋನ್ ಮಾಡ್ತಿದ್ದೆ?" ಅಂದಳು. ಪಾಪ, ಅವನು ಈಕೆ ತನ್ನನ್ನೇ ಪ್ರಶ್ನೆ ಕೇಳುತ್ತಿದ್ದಾಳೆ ಅಂದುಕೊಂಡಿದ್ದ. ಒಂದು ನಿಮಿಷ ಇಬ್ಬರೂ ಒಬ್ಬರನ್ನೊಬ್ಬರು ಹೇಗಾಗಿದೆ ಅಂತ ವಿಚಾರಿಸಿಕೊಂಡರು. ನಾನು ನೆಲಕ್ಕೆ ಕುಸಿದು ಕೂತು ನಗುತ್ತಿದ್ದೆ, ಫೋನು ಇಸಿದುಕೊಳ್ಳುವ ಶಕ್ತಿಯೂ ಇರಲಿಲ್ಲ.

ಮೆಕ್ಯಾನಿಕ್ ಬಂದ. ಒಳ್ಳೆಯವನು, ಕೈ ಚುರುಕು. ಪೆಟ್ಟಿಗೆ ಬಿಚ್ಚಿದರೆ ಒಳಗೆಲ್ಲ ಶೇಂಗಾ ಸಿಪ್ಪೆಯ ಕೆಂಪು ಧೂಳು. ನಮ್ಮ ಮಿಲ್ಲು ಮನೆಯ ಬೆನ್ನಿಗೇ ಇತ್ತು. "ಅಮ್ಮಾ, ಇದ್ರಾಗೆ ಶೇಂಗಾ ಬೆಳೀಬೋದು" ಅಂದು ಗಾಳಿ ಊದಿ ತೆಗೆದ. ರ‍್ಯಾಮ್ ಅನ್ನುವ ಹಸಿರು ಪಟ್ಟಿಯನ್ನು ಕಿತ್ತು, ಶಾಲೆ ಮಕ್ಕಳ ಬಿಳಿ ರಬ್ಬರಿನಿಂದ ಅದರ ಅಂಚು ಉಜ್ಜಿದ. ಇಷ್ಟು ದೊಡ್ಡ ಯಂತ್ರಕ್ಕೆ ರಬ್ಬರಿನ ಮದ್ದೇ ಅಂತ ಅವ್ವನಿಗೆ ಬಲು ಸಂತೋಷವಾಯಿತು. ಎಲ್ಲಾ ಅಳಿಸಿ ಹೊಸದಾಗಿ ಹಾಕಿಯೂ ಕೊಟ್ಟ. ಆ ಭಾನುವಾರ ನಾಲ್ಕನೆಯ ಸುತ್ತಿನಲ್ಲಿ ಮತ್ತೆ ಡರ್ರ್ರ್ರ್. ಮತ್ತೆ ಬಂದ, ಮತ್ತೆ ಉಜ್ಜಿದ, ಒಳಗಿನ ಫ್ಯಾನು ಬದಲಿಸಿದ. ಮುಂದಿನ ಭಾನುವಾರ ಎರಡನೆಯ ಸುತ್ತಿನಲ್ಲೇ ಹೋಯಿತು. ಹೊಸ ಸ್ಟೆಬಿಲೈಜರ್ ಬಂತು. ಅದೂ ಪಕ್ಕದಲ್ಲಿ ಕೆಂಪು ದೀಪ ಹಚ್ಚಿಕೊಂಡು ಕೂತು ನಮ್ಮ ಜೊತೆ ಸೋಲು ನೋಡಿತು. ಕಂಪ್ಯೂಟರ್ ಕೆಡುವ ಹೊತ್ತಿಗೆ ಒಂದು ಲೆಕ್ಕ ಅಂತಿದ್ದರೆ ತಾನೆ ಹಿಡಿಯುವುದು? ಕೆಲವು ದಿನ ಬೆಳಗಿನಿಂದ ಸಂಜೆವರೆಗೆ ಸುಮ್ಮನೆ ಓಡುತ್ತಿತ್ತು, ಕೆಲವು ದಿನ ಹತ್ತು ನಿಮಿಷಕ್ಕೆ ಮೂರು ಸಲ ಕೂರುತ್ತಿತ್ತು.

ಕೊನೆಗೆ ಮೆಕ್ಯಾನಿಕ್ ಒಂದು ಮಾತು ಹೇಳಿದ. "ಬ್ಯಾರೆ ಮನೇಲಿ ಒಂದಿನ ಹಾಕಿ ನೋಡ್ರಿ. ಅಲ್ಲೂ ಕೆಟ್ರೆ ಮಿಷನ್ನಿಂದು ದೋಷ."

ಬೇರೆ ಮನೆ ಅಂದರೆ ಅವ್ವನಿಗೆ ಎರಡನೆಯ ಯೋಚನೆಯೇ ಬರಲಿಲ್ಲ. ಒಂದು ಬುಧವಾರ ಕಂಪ್ಯೂಟರನ್ನು ಮೊಳಕಾಲ್ಮೂರಿಗೆ ಕರೆದುಕೊಂಡು ಹೊರಟೆವು. ಪೆಟ್ಟಿಗೆಗೆ ಹಳೆಯ ಸೀರೆ ಸುತ್ತಿ ಅವ್ವ ತೊಡೆಯ ಮೇಲೆ ಇಟ್ಟುಕೊಂಡಳು. ಮಾನಿಟರು ಆಗಿನ ಕಾಲದ್ದು, ಹಿಂದೆ ದೊಡ್ಡ ಗುಡಾಣ. ಅದಕ್ಕೆ ಕೌದಿ ಸುತ್ತಿ ಕಿಟಕಿ ಪಕ್ಕ ಒಂದು ಸೀಟಿನಲ್ಲಿ ಕೂರಿಸಿ, ಬೀಳದಂತೆ ನಾನು ತಬ್ಬಿಕೊಂಡು ಕೂತೆ. ಪ್ರೈವೇಟ್ ಬಸ್ಸಿನ ಕಂಡಕ್ಟರ್ ಬಂದು ಎರಡೂ ಗಂಟುಗಳನ್ನು ನೋಡಿದ.

"ಏನಮ್ಮಾ ಇದು, ಟೀವಿನಾ?"

"ಕಂಪ್ಯೂಟ್ರು. ಮೈಗೆ ಹುಷಾರಿಲ್ಲ ಅದಕ್ಕೆ."

"ಆಸ್ಪತ್ರೆಗೆ ಹೊಂಟೀರೇನು?"

"ತವರಿಗೆ" ಅಂದಳು ಅವ್ವ, ಬಹಳ ಗಂಭೀರವಾಗಿ. ತಳಕು ಅನ್ನುವ ಊರು ದಾಟುವಷ್ಟರಲ್ಲಿ ಇಡೀ ಬಸ್ಸಿಗೆ ಸುದ್ದಿಯಾಗಿ, ಹಿಂದಿನ ಸೀಟಿನ ಅಜ್ಜನೊಬ್ಬ ಹಳ್ಳ ಬಂದಾಗಲೆಲ್ಲ "ಡ್ರೈವರ್ರೇ, ಮೆಲ್ಲಕ್ಕೆ, ಕಂಪ್ಯೂಟ್ರೈತೆ" ಅಂತ ಕೂಗುತ್ತಿದ್ದ.

ಮಾವನ ಮನೆಯಲ್ಲಿ ಮಗ್ಗದ ಕೋಣೆಯ ಪಕ್ಕದ ಕೋಣೆಗೆ ಅದನ್ನು ಕೂರಿಸಿದೆವು. ಪಕ್ಕದಲ್ಲಿ ಮಗ್ಗಗಳು ಟಕ ಟಕ ಅನ್ನುತ್ತಿದ್ದವು. ಬೆಳಗ್ಗೆ ಹನ್ನೊಂದಕ್ಕೆ ಹಾಕಿದ ಕಂಪ್ಯೂಟರು ಸಂಜೆ ನಾಲ್ಕರವರೆಗೆ ಒಂದು ಸಲವೂ ಕೆಮ್ಮಲಿಲ್ಲ. ನಾನು ಒಬ್ಬಳೇ ಆರೇಳು ಆಟ ಮುಗಿಸಿದೆ. ಅವ್ವ ಮತ್ತು ಮಾವ ಮೂರು ಸಲ ಆಡಲು ಕೂತರು. ಮೂರು ಸಲವೂ ಒಳಗಿನಿಂದ ಅಜ್ಜಿ, ಅಂದರೆ ಅವ್ವನ ಅವ್ವ, ಕೂಗಿದಳು. ಆಕೆಗೆ ಎಂಬತ್ತು ದಾಟಿದ್ದರೂ ರಾಟೆ ಬಿಟ್ಟಿರಲಿಲ್ಲ, ಮಗ್ಗಕ್ಕೆ ಬೇಕಾದ ರೇಷ್ಮೆ ನೂಲನ್ನು ಸಣ್ಣ ಕಂಡಿಕೆಗಳಿಗೆ ಸುತ್ತುತ್ತಿದ್ದಳು. "ಬಾರೇ, ಎಳೆ ಕಣ್ಣಿಗೆ ಕಾಣವಲ್ದು, ಎರಡು ಕಂಡಿಕೆ ಸುತ್ತಿಕೊಡು." ಅವ್ವ ಆಟ ಬಿಟ್ಟು ಎದ್ದು ಹೋಗುತ್ತಿದ್ದಳು. ಒಮ್ಮೆ ಬಂದವರಿಗೆ ಚುರುಮುರಿ ಕಲಸಲು ಎದ್ದಳು. ಕಂಪ್ಯೂಟರ್ ನಿಲ್ಲಲಿಲ್ಲ, ಆಟ ಮಾತ್ರ ಒಂದೂ ಮುಗಿಯಲಿಲ್ಲ. ನಾನು ಅವತ್ತು ಕಂಪ್ಯೂಟರನ್ನೇ ನೋಡುತ್ತಿದ್ದೆ. ಅವ್ವನ ಮುಖ ನೋಡಬೇಕೆಂದು ಹೊಳೆಯಲೇ ಇಲ್ಲ.

ಹೊರಡುವಾಗ ಮಾವ ನಡುಮನೆಯಲ್ಲಿ ನಿಂತು ತೀರ್ಪು ಕೊಟ್ಟ. "ನೋಡಮ್ಮಾ ತಂಗಿ, ಮಿಷನ್ನು ಬಂಗಾರದಂಗೈತೆ. ದೋಷ ಎಲ್ಲಾ ನಿನ್ನ ಗಂಡನ ಮನೇದು!"

ಈ ಮಾತು ನಮಗಿಂತ ಮೊದಲೇ ಫೋನಿನಲ್ಲಿ ಚಳ್ಳಕೆರೆ ಮುಟ್ಟಿತ್ತು. ಅಪ್ಪ ಮಾತಿಗೆ ಜಗ್ಗುವವನಲ್ಲ, ಆದರೆ ಈ ಮಾತು ನಾಟಿತು. "ನಮ್ಮಪ್ಪ ಕಟ್ಟಿಸಿದ ಮನೆ ಇದು. ಇದಕ್ಕೆ ದೋಷನಾ?" ಅಂತ ಎರಡು ದಿನ ಗೋಡೆಗಳನ್ನೇ ದಿಟ್ಟಿಸಿದ. ಮೂರನೆಯ ದಿನ ಹೇಳಿಯೇಬಿಟ್ಟ: "ಇನ್ನೊಂದು ತಿಂಗಳು ನೋಡ್ತೀನಿ. ಆಮೇಲೂ ಹಿಂಗೇ ನಿಂತ್ರೆ ಅಂಗಡಿಗೆ ವಾಪಸ್. ಕಾರು ಬೇಡ, ರೇಸು ಬೇಡ, ನಿನ್ನ ಅಣ್ಣನ ಮಾತೂ ಬೇಡ." ಅವ್ವ ಒಲೆಯ ಮುಂದೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಟ್ಟಳು. ಅಣ್ಣನನ್ನು ಸೋಲಿಸುವ ಮೊದಲೇ ಕಾರು ಮನೆ ಬಿಟ್ಟು ಹೋಗುವುದೆಂದರೇನು?

ಅವತ್ತೇ ಗೋಡೆಯ ಕ್ಯಾಲೆಂಡರ್ ಇಳಿಸಿದೆ. ಕಂಪ್ಯೂಟರ್ ನಿಂತಾಗಲೆಲ್ಲ ಆ ದಿನದ ಮನೆಯಲ್ಲಿ ಒಂದು ಕತ್ತರಿ ಗುರುತು ಹಾಕಲು ಶುರುಮಾಡಿದೆ. ದಿನಕ್ಕೆ ಎರಡು ಗಂಟೆ ಅವ್ವ ಆಡಬೇಕು, ನಾನು ಗುರುತು ಹಾಕಬೇಕು. ಇದು ಶಾಸ್ತ್ರೀಯ ಸಂಶೋಧನೆ, ಮಧ್ಯೆ ಏಳಬಾರದು ಅಂದೆ. ಅವ್ವ ಸಂಶೋಧನೆಗೆ ಎಂಥ ಶ್ರದ್ಧೆ ತೋರಿಸಿದಳೆಂದರೆ, ಎರಡು ವಾರ ನಮ್ಮ ಮನೆಯಲ್ಲಿ ಬರೀ ಚಿತ್ರಾನ್ನ.

ಎರಡು ವಾರ ಕಳೆದು ಕ್ಯಾಲೆಂಡರ್ ನೋಡಿದವಳು ಕಣ್ಣುಜ್ಜಿಕೊಂಡೆ. ಸೋಮವಾರಗಳಲ್ಲಿ ಒಂದೂ ಗುರುತಿಲ್ಲ. ಮಂಗಳವಾರಗಳಲ್ಲಿ ಒಂದೇ ಒಂದು. ಬುಧವಾರದಿಂದ ಗುರುತುಗಳು ಹೆಚ್ಚುತ್ತಾ ಹೋಗಿ, ಭಾನುವಾರದ ಮನೆಯಲ್ಲಿ ಕತ್ತರಿಗಳಿಗೆ ಜಾಗವೇ ಸಾಲದು.

ಅವ್ವನಿಗೆ ತೋರಿಸಿದೆ. ಆಕೆಗೆ ಆಶ್ಚರ್ಯವೇ ಆಗಲಿಲ್ಲ. "ಸೋಮವಾರ ಯಾರ ವಾರ?" ಅಂದಳು.

"ಶಿವನ ವಾರ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ನೀನೇ ಬರೆದಿದ್ದಲ್ಲೇನೇ ಇದು? ಭಾನುವಾರ ನಿಮ್ಮ ಮಾವ ಬರ್ತಾನೆ, ಕೆಡ್ತೈತೆ. ಸೋಮವಾರ ಶಿವ ಬರ್ತಾನೆ, ಸರಿ ಆಗ್ತೈತೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟು ಅವ್ವನ ಮೇಲಲ್ಲ, ಅವ್ವ ಹೇಳಿದ್ದಕ್ಕೆ ನನ್ನ ಕ್ಯಾಲೆಂಡರೇ ಸಾಕ್ಷಿ ನುಡಿಯುತ್ತಿತ್ತಲ್ಲ, ಅದಕ್ಕೆ. ಅವ್ವ ಅಷ್ಟಕ್ಕೇ ಬಿಡಲಿಲ್ಲ. ಮರುದಿನದಿಂದ ಬೆಳಗ್ಗೆ ಕಂಪ್ಯೂಟರಿನ ಪೆಟ್ಟಿಗೆಗೆ ಮೂರು ಬೆರಳಿನ ವಿಭೂತಿ ಬಿತ್ತು. ಬುಧವಾರ ವಿಭೂತಿ ಹಚ್ಚಿಕೊಂಡೇ ನಿಂತಿತು. ಗುರುವಾರ ವಿಭೂತಿಯ ಜೊತೆ ಒಂದು ಕಣಗಿಲೆ ಹೂವನ್ನೂ ಮುಡಿದುಕೊಂಡು ನಿಂತಿತು. "ನೋಡು, ನಿನ್ನ ಶಿವ ವಾರದ ಮಧ್ಯೆ ಬರೋದಿಲ್ವಂತೆ" ಅಂದೆ ನಾನು, ಗೆದ್ದವಳ ಹಾಗೆ. "ಸೋಮವಾರ ನಾನು ಏನೇನು ಮಾಡ್ತೀನೋ ಅದೆಲ್ಲ ಮಾಡಿಲ್ಲಲ್ಲ ಇನ್ನ" ಅಂದಳು ಅವ್ವ. ಆ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ನಾಲ್ಕು ದಿನ ಉಳಿಯುತ್ತಿತ್ತು.

ಆ ಗುರುವಾರವೇ ಪೆಟ್ಟಿಗೆ ಮೇಲಿನ ಹೂವು ತೆಗೆಯಲು ಹೋದಾಗ ಬೆರಳಿಗೆ ಜುಮ್ ಅಂತು. ಇದೇನೂ ಹೊಸದಲ್ಲ. ನಮ್ಮ ನಡುಮನೆಗೆ ಕಡಪ ಕಲ್ಲಿನ ನೆಲ, ಬರಿಗಾಲಲ್ಲಿ ನಿಂತು ಪೆಟ್ಟಿಗೆಯ ತಗಡು ಮುಟ್ಟಿದರೆ ಇರುವೆ ಹರಿದಂತೆ ಜುಮುಜುಮು ಅನ್ನುವುದು. ಕಂಪ್ಯೂಟರ್ ಅಂದರೆ ಹಾಗೇ ಇರುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆದರೆ ಅವತ್ತು ತಟ್ಟನೆ ನೆನಪಾಯಿತು. ಮೊಳಕಾಲ್ಮೂರಿನಲ್ಲಿ ವೈರುಗಳನ್ನು ಬಿಚ್ಚುವ ಮೊದಲು ಎಷ್ಟು ಸಲ ಬರಿಗಾಲಲ್ಲಿ ಮುಟ್ಟಿದ್ದೆ, ಅಲ್ಲಿ ಜುಮ್ ಅಂದಿರಲಿಲ್ಲ. ಶುಕ್ರವಾರ ಮುಟ್ಟಿದೆ, ಜುಮ್. ಶನಿವಾರ ಮುಟ್ಟಿದೆ, ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಜುಮ್. ಭಾನುವಾರ ಮಾವನಿಂದ ಮುಟ್ಟಿಸಿದೆ, "ಅಮ್ಮೋ!" ಅಂದ. ಸೋಮವಾರ ಮಧ್ಯಾಹ್ನ ಮುಟ್ಟಿದೆ. ಏನೂ ಇಲ್ಲ, ತಣ್ಣಗೆ ಸುಮ್ಮನೆ ತಗಡು.

ಮೆಕ್ಯಾನಿಕ್ಕಿಗೆ ಓಡಿಹೋಗಿ ಹೇಳಿದೆ. ಅವನು ಹಣೆ ಚಚ್ಚಿಕೊಂಡ. "ಅರ್ತಿಂಗು! ಮನೇದು ಅರ್ತಿಂಗ್ ಸತ್ತೈತೆ. ನಾನೊಬ್ಬ ದಡ್ಡ, ಮಿಷನ್ನೇ ಉಜ್ಜಿದೆ." ಅವನು ಬಿಡಿಸಿ ಹೇಳಿದ್ದು ಇಷ್ಟು: ಯಂತ್ರದಿಂದ ಸೋರುವ ಕರೆಂಟು ಒಂದು ತಂತಿಯ ಮೂಲಕ ಮಣ್ಣಿಗೆ ಇಳಿದುಹೋಗಬೇಕು. ಅದಕ್ಕೆ ಮನೆ ಹೊರಗೆ ಗುಂಡಿ ತೋಡಿ, ತಾಮ್ರದ ತಗಡು ಹೂತು, ಇದ್ದಿಲು ಉಪ್ಪು ತುಂಬಿರುತ್ತಾರೆ. ಆ ಗುಂಡಿಯಲ್ಲಿ ಸದಾ ಹಸಿ ಇರಬೇಕು. ಒಣಗಿದರೆ ಕರೆಂಟಿಗೆ ಇಳಿಯಲು ದಾರಿಯಿಲ್ಲ, ಅದು ಪೆಟ್ಟಿಗೆಯಲ್ಲೇ ಅಲೆದಾಡುತ್ತದೆ, ಕಂಪ್ಯೂಟರಿಗೆ ತಲೆ ಕೆಡುತ್ತದೆ. "ನಿಮ್ಮ ಗುಂಡಿ ಎಲ್ಲೈತೆ?" ಅಂದ.

ಅಪ್ಪನಿಗೇ ಗೊತ್ತಿರಲಿಲ್ಲ. ಹಳೆಯ ವೈರಿನ ಜಾಡು ಹಿಡಿದು ನಾನು, ಅಪ್ಪ, ಮೆಕ್ಯಾನಿಕ್ ಮೂವರೂ ಗೋಡೆ ಗುಂಟ ಬಗ್ಗಿಕೊಂಡು ಹಿತ್ತಲಿಗೆ ಹೋದೆವು. ವೈರು ಮಣ್ಣಿಗೆ ಇಳಿದ ಜಾಗದಲ್ಲಿ ಎದೆಯೆತ್ತರದ ಬಿಲ್ವಪತ್ರೆ ಗಿಡ ನಿಂತಿತ್ತು.

"ಅವ್ವಾ!" ಅಂತ ನಾನು ಕೂಗಿದ ಕೂಗಿಗೆ ಮಿಲ್ಲಿನವರೂ ಇಣುಕಿದರು.

ಸಂಗತಿ ಇಷ್ಟೇ. ಮೂರು ವರ್ಷದ ಹಿಂದೆ ಅವ್ವ ಬಿಲ್ವದ ಸಸಿ ನೆಡಲು ಜಾಗ ಹುಡುಕಿದ್ದಾಳೆ. ನಮ್ಮ ಹಿತ್ತಿಲು ಹಾರೆಗೂ ಬಗ್ಗದ ಗಟ್ಟಿ ನೆಲ. ಒಂದು ಕಡೆ ಮಾತ್ರ ಯಾರೋ ತೋಡಿ ಮುಚ್ಚಿದ ಮೆತ್ತನೆ ಮಣ್ಣು ಸಿಕ್ಕಿದೆ. ಅಲ್ಲೇ ನೆಟ್ಟಿದ್ದಾಳೆ. ಸೋಮವಾರ ಬಂತೆಂದರೆ ಅವ್ವ ದೇವರ ಕೋಣೆ ಪೂರ್ತಿ ತೊಳೆಯುವುದು, ದೇವರ ಜಗಲಿಯ ಪಾತ್ರೆಗಳನ್ನೆಲ್ಲ ಬೆಳಗುವುದು, ಲಿಂಗಕ್ಕೆ ನೀರೆರೆಯುವುದು. ಆ ನೀರನ್ನು ಯಾರೂ ತುಳಿಯಬಾರದು, ಮೋರಿಗೆ ಬಿಡಬಾರದು. ಅದಕ್ಕೆ ಎಲ್ಲವನ್ನೂ ಒಂದು ದೊಡ್ಡ ಬಕೀಟಿಗೆ ಹಿಡಿದು ಬಿಲ್ವದ ಬುಡಕ್ಕೆ ಸುರಿಯುತ್ತಿದ್ದಳು. ನಲ್ಲಿ ನೀರು ಮೂರು ದಿನಕ್ಕೊಮ್ಮೆ ಬರುತ್ತಿದ್ದ ಊರಿನಲ್ಲಿ ಉಳಿದ ದಿನ ಗಿಡಕ್ಕೆ ಯಾರು ನೀರು ಹಾಕುತ್ತಾರೆ? ಸೋಮವಾರ ನೆನೆದ ಗುಂಡಿ ಮಂಗಳವಾರದವರೆಗೆ ಹೇಗೋ ತಡೆಯುತ್ತಿತ್ತು. ಬುಧವಾರದಿಂದ ಚಳ್ಳಕೆರೆಯ ಬಿಸಿಲು ಅದನ್ನು ಹೀರುತ್ತಿತ್ತು. ಮಾವ ಬರುವ ಭಾನುವಾರದ ಹೊತ್ತಿಗೆ ಪುಡಿ ಪುಡಿ.

ನಾವೆಲ್ಲ ಗಿಡದ ಸುತ್ತ ನಿಂತಿದ್ದೆವು. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷವಾದದ್ದು ಕಡಿಮೆ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಾನು ಹೇಳಿಲ್ವಾ? ಸೋಮವಾರ ಶಿವ ಬರ್ತಾನೆ ಅಂತ" ಅಂದಳು. ಈ ಸಲ ನಾನೂ ಹೌದೆಂದು ತಲೆಯಾಡಿಸಿದೆ. ಅಪ್ಪ ಮಾತ್ರ, "ಮನುಷ್ಯರಿಗೇ ನೀರಿಲ್ಲ, ಇನ್ನು ಕಂಪ್ಯೂಟ್ರಿಗೂ ಕೊಡ ಹೊರಬೇಕಾ?" ಅಂತ ಗೊಣಗಿದ. ಗೊಣಗುತ್ತಲೇ ಹೋಗಿ ಕೈತೊಳೆದ ನೀರಿನ ಬಕೀಟು ತಂದು ತಾನೇ ಸುರಿದ. ಮನೆಯ ದೋಷ ಅಷ್ಟು ಸುಲಭಕ್ಕೆ ಹೋದದ್ದು ಅವನಿಗೂ ನೆಮ್ಮದಿಯಾಗಿತ್ತು.

ಅಲ್ಲಿಂದ ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು, ಕೈಕಾಲು ತೊಳೆದ ನೀರು ಎಲ್ಲವೂ ದಿನಾ ಬಿಲ್ವದ ಬುಡಕ್ಕೆ. ಬುಧವಾರ ಆಡಿದಳು, ನಿಲ್ಲಲಿಲ್ಲ. ಗುರುವಾರ, ಶುಕ್ರವಾರ, ಶನಿವಾರ. ಮುಟ್ಟಿದರೆ ಜುಮ್ ಇಲ್ಲ, ಕ್ಯಾಲೆಂಡರಿನಲ್ಲಿ ಗುರುತಿಲ್ಲ.

ಭಾನುವಾರ ಮಾವ ಬಂದ. ವಿಷಯ ಕೇಳಿ, "ಅಬ್ಬಬ್ಬಾ, ಗಿಡದ ನೀರಿಗೆ ಕಾರು ಓಡೋದು ಇಲ್ಲೇ ನೋಡಿದ್ದು" ಅಂತ ನಕ್ಕು ಅಂಗಿಯ ತೋಳು ಮಡಚಿ ಕೂತ. ಅವ್ವ ಬಳೆಗಳನ್ನು ಮೊಣಕೈ ಕಡೆಗೆ ಏರಿಸಿಕೊಂಡಳು. ಅಪ್ಪ ಮಿಲ್ಲಿಗೆ ಹೋಗುವವನು ಬಾಗಿಲಲ್ಲೇ ನಿಂತ. ನಾನು ಮಂಚದ ಮೇಲೆ ಹತ್ತಿ ಕೂತೆ. ಎರಡನೆಯ ಸುತ್ತು ಆಯಿತು, ಮೂರಾಯಿತು. ನಾಲ್ಕರಲ್ಲಿ ಕೆಂಪು ಕಾರು ನೀಲಿಯ ಬಾಲ ಹಿಡಿಯಿತು, ದಾಟಿತು. ಕಂಪ್ಯೂಟರ್ ನಿಲ್ಲಲಿಲ್ಲ. ಐದನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಅವ್ವ ಎಷ್ಟು ವಾಲಿದಳೆಂದರೆ ಮಾವನ ಹೆಗಲಿಗೇ ತಲೆ ತಾಗಿತು, ಕಾರು ಹೋಗಿ ಹುಲ್ಲಿಗೆ ಇಳಿಯಿತು, ನೀಲಿ ಕಾರು ಸರ್ರನೆ ಗೆರೆ ದಾಟಿತು. ಹಿಂದೆಯೇ ಕೆಂಪು.

ಅವ್ವ ಸೋತಿದ್ದಳು. ನನಗೆ ಅಳು ಬಂದಂತಾಯಿತು. ಮಾವ "ಪೋಯಿಂದಿ" ಅನ್ನಲೂ ಇಲ್ಲ, ತಂಗಿಯ ಕಡೆ ಹೆದರಿ ಹೆದರಿ ನೋಡಿದ. ನೋಡಿದರೆ ಅವ್ವ ನಗುತ್ತಿದ್ದಾಳೆ. ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಂತೆ, ಕುರ್ಚಿ ಅಲುಗಾಡುವಂತೆ ನಗುತ್ತಿದ್ದಾಳೆ.

"ಏನಾಯ್ತೇ ನಿಂಗೆ? ಸೋತಿದೀಯ!" ಅಂದ ಮಾವ.

"ಸೋತೆ! ಪೂರ್ತಿ ಸೋತೆ! ಅಣ್ಣಾ, ನಿನ್ನ ಜೊತೆ ಒಂದು ಆಟ ಕೊನೇ ತನಕ ಆಡಿದ್ದು ಇದೇ ಮೊದ್ಲು ಕಣೋ. ಸಣ್ಣೋರಿದ್ದಾಗ ಚೌಕಾಬಾರ ಆಡ್ಲಿ, ಅಳಗುಳಿ ಮಣೆ ಆಡ್ಲಿ, ನನ್ನ ಕೈ ಮೇಲಾಗೋ ಹೊತ್ತಿಗೆ ಅವ್ವ ಒಳಗಿಂದ ಕೂಗೋಳು. ನಾನು ಎದ್ದು ಹೋಗ್ತಿದ್ದೆ. ನೀನು 'ಎದ್ದೋರು ಸೋತಂಗೆ' ಅಂತ ಕಾಯಿ ಬಾಚ್ಕೊಳ್ತಿದ್ದೆ. ಇವತ್ತು ಕೂತ್ಕಂಡು ಸೋತೀನಿ!"

ಮಾವನ ಮುಖದಲ್ಲಿ ನಗು ಹಾಗೇ ಇತ್ತು, ಆದರೆ ಏನು ಮಾಡಬೇಕೆಂದು ತೋಚದ ನಗು. ಅಂಗಿಯ ತೋಳನ್ನು ಇಳಿಸಿ ಮತ್ತೆ ಮಡಚಿದ. "ಇನ್ನೊಂದು ಹಾಕಮ್ಮಾ" ಅಂದ ನನಗೆ.

ಹಾಕಿದೆ. ಮತ್ತೆ ಮೊಣಕೈ ಯುದ್ಧ, ಮತ್ತೆ ಬಳೆಯ ಜಗಳ. ನಾಲ್ಕನೆಯ ಸುತ್ತಿಗೆ ಅವ್ವ ಮುಂದಿದ್ದಳು. ಅಷ್ಟರಲ್ಲಿ ಹೊರಗೆ ಮಿಲ್ಲಿಗೆ ಯಾರೋ ಇಬ್ಬರು ಬಂದರು. ಅಂಗಳದಿಂದ ಅಪ್ಪನ ದನಿ ಬಂತು. "ಏನೇ, ಎಲ್ಲಿದೀಯ? ಕಾಫಿ ಇಡು ಬಾ, ಜನ ಬಂದವ್ರೆ."

ಅವ್ವನ ಬಲಗೈ ಇನ್ನೂ ಗುಂಡಿಯ ಮೇಲೇ ಇತ್ತು, ಎಡಗೈ ಆಗಲೇ ಸೆರಗು ಸರಿಮಾಡಿಕೊಂಡಿತ್ತು. ಅರ್ಧ ಎದ್ದೂ ಬಿಟ್ಟಿದ್ದಳು.

"ಕೂತ್ಕೋ" ಅಂದ ಮಾವ, ಪರದೆಯಿಂದ ಕಣ್ಣು ತೆಗೆಯದೆ. ಆಮೇಲೆ ಬಾಗಿಲ ಕಡೆಗೆ ಗಂಟಲು ಏರಿಸಿದ: "ಭಾವಾ, ಅವಳು ಆಟದಾಗೆ ಅವ್ಳೆ. ಮುಗಿಸ್ಕಂಡು ಬರ್ತಾಳೆ. ಕಾಫಿ ನೀವೇ ಇಟ್ಕಳ್ರಿ!"

ಅವ್ವ ಕೂತಳು. ಅಪ್ಪ ಇಟ್ಟ ಕಾಫಿಗೆ ಸಕ್ಕರೆ ವಿಪರೀತವಾಗಿತ್ತು. ಗೆದ್ದವಳು ಒಂದು ಲೋಟ ಪೂರ್ತಿ ಕುಡಿದಳು.